ಚಿತ್ರದ ಅಂಚಿನ ಎರಡು ಪಾದಗಳು

ಆ ಚಿತ್ರ ನನ್ನ ಮೊಬೈಲಿಗೆ ಬಂದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕೆಲಸ. ಬಿಡುವಿನಲ್ಲಿ ಅನುವಾದ ಮಾಡುತ್ತೇನೆ. ಬೆಂಗಳೂರಿನ ಒಂದು ಗ್ಯಾಲರಿಯವರು ಆಫ್ರಿಕಾದ ಹೊಸ ಕಲಾವಿದರ ಪ್ರದರ್ಶನ ಇಡುವವರಿದ್ದರು. ಪ್ರತಿ ಚಿತ್ರದ ಪಕ್ಕ ಕನ್ನಡದಲ್ಲೂ ನಾಲ್ಕು ಸಾಲು ಬೇಕು, ಇಂಗ್ಲಿಷಿನದನ್ನು ನೋಡಿಕೊಂಡು ಬರೆದುಕೊಡಿ ಎಂದು ಕೇಳಿದ್ದರು.

ಉಳಿದ ಚಿತ್ರಗಳೆಲ್ಲ ಸಲೀಸಾಗಿ ಮುಗಿದಿದ್ದವು. ಇದು ಮಾತ್ರ ನನ್ನನ್ನು ತಡೆಯಿತು. ನೈರೋಬಿ ನಗರದ ಒಂದು ಬೀದಿ. ನಡುವೆ ಒಂದು ಮಿನಿ ಬಸ್ಸು, ಮೈತುಂಬ ಬಣ್ಣಬಣ್ಣದ ಅಕ್ಷರ, ಒಂದು ಸಿಂಹದ ತಲೆ, ಯಾರೋ ಫುಟ್‌ಬಾಲ್ ಆಟಗಾರನ ಮುಖ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್. ಎರಡೂ ಕಡೆ ಜನ, ಒಬ್ಬರ ಭುಜಕ್ಕೆ ಒಬ್ಬರು ಅಂಟಿಕೊಂಡ ಜನ. ಗೋಡೆಯ ಮೇಲೆ ಸ್ಪ್ರೇ ಹೊಡೆದು ಬಿಡಿಸಿದಂಥ ಮುಖಗಳು. ಬಣ್ಣ ಹಸಿಯಿದ್ದಾಗಲೇ ಕೆಳಕ್ಕೆ ಇಳಿದು ಗೆರೆಯಾಗಿದೆ. ಎಲ್ಲರ ಬಾಯಿ ತೆರೆದಿದೆ. ಎಲ್ಲರ ಹಲ್ಲು ಕಾಣುತ್ತದೆ. ಕೆಲವರ ಕೈ ಮೇಲೆತ್ತಿದೆ, ಕೆಲವರ ಕೈಯಲ್ಲಿ ಫೋನು. ಮತ್ತೆ ಅಷ್ಟೂ ಕಣ್ಣುಗಳು ಒಂದೇ ಕಡೆ ನೆಟ್ಟಿವೆ. ನನ್ನ ಕಡೆ.

ಇಂಗ್ಲಿಷ್ ಟಿಪ್ಪಣಿಯಲ್ಲಿ ಇದ್ದದ್ದು ನಗರದ ಬೀದಿಯ ಉಲ್ಲಾಸ, ಲಯ, ಯುವಜನರ ಹುರುಪು. ನನಗೆ ಅದ್ಯಾವುದೂ ಕಾಣಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟೆ.

ಸಂಜೆ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇವ್ರೆಲ್ಲ ನಗ್ತಾವ್ರೋ, ಕೂಗ್ತಾವ್ರೋ?"

"ನಗ್ತಿದಾರಂತೆ ಕಣಮ್ಮ. ಹಂಗಂತ ಬರ್ದಿದಾರೆ."

"ಬರ್ದೋರು ಬರ್ಕಳ್ಳಿ. ನಿನ್ ಕಣ್ಗೇನ್ ಕಾಣ್ಸುತ್ತೆ?"

ಫೋನು ವಾಪಸು ತೆಗೆದುಕೊಂಡೆ. ನೈರೋಬಿಯನ್ನು ನಾನೇನು ಕಂಡಿದ್ದೇನೆ? ಅಲ್ಲಿಯವರ ಸಂತೋಷ ಹೀಗೇ ಇರಬಹುದು. ಇಂಗ್ಲಿಷಿನಲ್ಲಿ ಇದ್ದುದನ್ನೇ ಒಳ್ಳೆಯ ಕನ್ನಡ ಮಾಡಿ ಕಳಿಸಿಬಿಟ್ಟೆ.

ಪ್ರದರ್ಶನಕ್ಕೆ ಕೆಲವು ವಾರ ಮುಂಚೆಯೇ ಆ ಚಿತ್ರ ಬರೆದ ಕಲಾವಿದೆ ಬೆಂಗಳೂರಿಗೆ ಬಂದರು. ಗ್ಯಾಲರಿಯವರಿಂದ ನಂಬರು ಪಡೆದು ನನಗೆ ಫೋನು ಮಾಡಿದರು. ತಮ್ಮ ಊರಿನ ಬಸ್ಸುಗಳ ಮೇಲೆ ಬಣ್ಣ ಹೊಡೆಯುತ್ತಲೇ ಚಿತ್ರ ಕಲಿತವರಂತೆ; ನಮ್ಮ ಲಾರಿಗಳ ಹಿಂದೆ ಬರೆದ ಕನ್ನಡ ನೋಡಿ ಮರುಳಾಗಿದ್ದರು. "ನಿಮ್ಮ ಅಕ್ಷರಗಳಿಗೆ ಮೂಲೆಯೇ ಇಲ್ಲವಲ್ಲ, ಎಲ್ಲ ಉರುಳಿಕೊಂಡು ಹೋಗುತ್ತವೆ" ಎಂದು ನಕ್ಕರು. ರೇಷ್ಮೆ ಹುಳ ನೋಡಬೇಕೆಂಬ ಆಸೆಯೂ ಇತ್ತು. ಎರಡನೇ ಶನಿವಾರ ಕಾಲೇಜಿಗೆ ರಜೆ. ಬನ್ನಿ, ಶಿಡ್ಲಘಟ್ಟಕ್ಕೆ ಹೋಗೋಣ ಎಂದೆ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ ಓಡಾಡುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಹೋಗುವವರು ನಮ್ಮ ಕಡೆ ಇಳಿದಿದ್ದಾರೆ, ಮೂಗಿಗೆ ಮತ್ತು ಬರಿಸುವ ಸ್ಪ್ರೇ ಹೊಡೆಯುತ್ತಾರೆ, ಹೊರಗಿನವರು ಕಂಡರೆ ಬಿಡಬೇಡಿ. ಅಳುವ ಹೆಂಗಸಿನ ದನಿಯ ಒಂದು ಆಡಿಯೋ ನಮ್ಮ ನೆಂಟರ ಗುಂಪಿಗೂ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಕೇಳಿ ನಾವು ಸುಳ್ಳು ಸುದ್ದಿ ಎಂದು ತೀರ್ಮಾನಿಸಿ ಟೀ ಕುಡಿದಿದ್ದೆವು.

ಕಲಾವಿದೆ ಬಸ್ಸಿಳಿದಾಗ ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎತ್ತರದ ಹೆಣ್ಣು, ಸಣ್ಣಗೆ ಕತ್ತರಿಸಿದ ಕೂದಲು, ಬಣ್ಣದ ಕಲೆಗಳ ಪ್ಯಾಂಟು, ಬೆನ್ನಿಗೆ ದೊಡ್ಡ ಚೀಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವರೊಂದಿಗೆ ಸೆಲ್ಫಿ ತೆಗೆಸಿಕೊಳ್ಳಲು ಜನ ಮುತ್ತಿದರು. ಅವರು ಹಳದಿ, ಬಿಳಿ ಗೂಡುಗಳನ್ನು ಕೈತುಂಬ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದಿಗೆ ಮಗುವಿನ ಹಾಗೆ ಕಣ್ಣರಳಿಸಿದರು. ನನಗೂ ಹೆಮ್ಮೆಯೆನಿಸಿತು.

ಹುಳ ಸಾಕುವ ಮನೆ ತೋರಿಸಲು ನನಗೆ ಪರಿಚಯದ ಆಟೋದವರನ್ನು ಕರೆದಿದ್ದೆ. ಶಿಡ್ಲಘಟ್ಟದ ಹಿರಿಯ ಸಾಹೇಬರು. ಮನೆಯಲ್ಲಿ ಉರ್ದು, ಮಾರುಕಟ್ಟೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಚಿಂತಾಮಣಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಹಿಪ್ಪುನೇರಳೆ ತೋಟಗಳ ನಡುವೆ ತಿರುಗಿ ಒಂದು ಹಳ್ಳಿಗೆ ಕರೆದೊಯ್ದರು. ಊರಿನ ಹೆಸರು ಬರೆಯಲಾರೆ. ಅವರ ಪರಿಚಯದವರ ಮನೆಗೆ ಬೀಗ. ಮದುವೆಗೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದರು ಪಕ್ಕದ ಮನೆಯವರು. ಅರಳೀಕಟ್ಟೆಯ ಮೇಲೆ ಕೂತೆವು.

ಮೊದಲು ಬಂದವರು ಮಕ್ಕಳು. ಕಲಾವಿದೆ ಚೀಲದಿಂದ ಹಾಳೆ ತೆಗೆದು ಒಂದು ಪುಟ್ಟ ಹುಡುಗಿಯ ಮುಖ ಬರೆಯತೊಡಗಿದರು. ಹುಡುಗಿ ನಾಚಿ ತಲೆ ತಗ್ಗಿಸಿದಾಗಲೆಲ್ಲ ಅವಳ ಗಲ್ಲಕ್ಕೆ ಬೆರಳು ಕೊಟ್ಟು ಮೆಲ್ಲಗೆ ಮೇಲೆತ್ತುತ್ತಿದ್ದರು. ಅಷ್ಟರಲ್ಲಿ ಎದುರು ಮನೆಯ ಅಜ್ಜಿಯೊಬ್ಬರು ಹೊರಗೆ ಬಂದರು.

"ಈಮೆ ಎವರು? ಪಿಲ್ಲನೆಂದುಕು ಪಟ್ಟುಕೊನಿಂದಿ?" ಯಾರಿವಳು, ಮಗೂನ ಯಾಕೆ ಹಿಡಿದುಕೊಂಡಿದ್ದಾಳೆ ಎಂದು ಆಕೆ ತೆಲುಗಿನಲ್ಲಿ ಕಿರುಚಿದ ದನಿ ನನ್ನ ಕಿವಿಯಲ್ಲಿ ಈಗಲೂ ಇದೆ.

"ಏನಿಲ್ಲ ಅಜ್ಜಿ, ಚಿತ್ರ ಬರೀತಿದಾರೆ ಅಷ್ಟೇ" ಎಂದೆ. ಅಜ್ಜಿಗೆ ಕೇಳಿಸಲಿಲ್ಲ. ಮೊಮ್ಮಗಳನ್ನು ಎಳೆದು ಸೆರಗಿನೊಳಗೆ ಮುಚ್ಚಿಕೊಂಡು ಅಳಲು ಶುರುಮಾಡಿದರು. ಆ ಅಳು ಕೇಳಿ ಹುಡುಗಿಯೂ ಅತ್ತಳು. ಮಗು ಅಳುವುದನ್ನು ಕೇಳಿ ಮನೆಗಳಿಂದ ಜನ ಬಂದರು.

ಜನ ಹೇಗೆ ಕೂಡುತ್ತಾರೆ ಎಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಒಬ್ಬರು ಬಂದು ನಿಲ್ಲುತ್ತಾರೆ, ಸುಮ್ಮನೆ. ಇನ್ನಿಬ್ಬರು ಬರುತ್ತಾರೆ. ತಿರುಗಿ ನೋಡಿದರೆ ಹಿಂದೆಯೂ ನಿಂತಿದ್ದಾರೆ. ದಾರಿ ಯಾವಾಗ ಮುಚ್ಚಿಹೋಯಿತೋ ತಿಳಿಯುವುದಿಲ್ಲ.

"ಮೇಡಮ್, ಕೂತ್ಕಳಿ ಬೇಗ, ಹೋಗ್ಬಿಡಣ" ಎಂದರು ಆಟೋ ಸಾಹೇಬರು. ಅವರು ಸೀಟಿಗೆ ಹತ್ತುವ ಮೊದಲೇ ಯಾರೋ ಕೀಲಿ ಕಿತ್ತುಕೊಂಡರು.

ಫೋನು ಎತ್ತಿ ವಿಡಿಯೋ ಮಾಡುತ್ತಿದ್ದ ಯುವಕನೊಬ್ಬ ಮುಂದೆ ಬಂದ. "ಎಲ್ಲಿಂದ ಬಂದ್ರಿ? ಯಾರನ್ನ ಕೇಳ್ಕಂಡು ಮಕ್ಳನ್ನ ಮುಟ್ಟಿದ್ರಿ? ಆಧಾರ್ ತೋರ್ಸಿ."

"ನಾನು ಚಿಕ್ಕಬಳ್ಳಾಪುರದವ್ಳು ಕಣಪ್ಪ, ಕಾಲೇಜಲ್ಲಿ ಪಾಠ ಹೇಳೋಳು. ಇವ್ರು ನೈರೋಬಿಯವ್ರು, ಚಿತ್ರ ಬರೆಯೋರು."

"ಹಂಗಾರೆ ಬ್ಯಾಗ್ ತೋರ್ಸಕ್ಕೇನು?"

ಕೇಳಿದ್ದಷ್ಟೇ. ಇನ್ಯಾರೋ ಚೀಲವನ್ನು ಎಳೆದು ಕಟ್ಟೆಯ ಮೇಲೆ ಸುರಿದರು. ಹಾಳೆ, ಪೆನ್ಸಿಲು, ನೀರಿನ ಬಾಟಲಿ. ಅದರ ಜೊತೆಗೆ ಕೆಂಪು ಬಣ್ಣದ ಒಂದು ಸ್ಪ್ರೇ ಡಬ್ಬಿ, ಆಮೇಲೆ ಬಣ್ಣದ ಗಾಳಿ ಮೂಗಿಗೆ ಹೋಗದಂತೆ ಹಾಕಿಕೊಳ್ಳುವ, ಎರಡು ಕೆನ್ನೆಗೂ ದುಂಡನೆಯ ಡಬ್ಬಿಯಿರುವ ರಬ್ಬರ್ ಮಾಸ್ಕು.

ಎಲ್ಲರ ಕಣ್ಣು ಆ ಡಬ್ಬಿಯ ಮೇಲೆ ನಿಂತಿತು. ಫೋನಿನಲ್ಲಿ ಓಡಾಡುತ್ತಿದ್ದ ಆ ಸುದ್ದಿ ನನಗೆ ಆಗ ನೆನಪಾಯಿತು.

"ಮತ್ ಬರ್ಸೋ ಸ್ಪ್ರೇ ಕಣ್ರೋ! ಮಾಸ್ಕ್ ನೋಡ್ರಿ, ಅವ್ಳಿಗ್ ಹತ್ದೆ ಇರ್ಲಿ ಅಂತ!"

ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಗುದ್ದಿದರು. ಜೋರಾಗೇನೂ ಅಲ್ಲ, ಪರೀಕ್ಷೆ ಮಾಡಿದ ಹಾಗೆ. ಆಟೋದ ಗಾಜು ಒಡೆದ ಸದ್ದು ಬಂತು. ಸಾಹೇಬರ ಅಂಗಿ ಹಿಡಿದು ಇಬ್ಬರು ಅಲ್ಲಾಡಿಸುತ್ತಿದ್ದರು. ಅವರ ಟೋಪಿ ಮಣ್ಣಿನಲ್ಲಿ ಬಿದ್ದಿತ್ತು. ವರ್ಷಗಟ್ಟಲೆ ತರಗತಿಯಲ್ಲಿ ಮಾತಾಡಿ ಬದುಕಿದವಳಿಗೆ ಒಂದು ವಾಕ್ಯ ಕೂಡಿಸಲು ಆಗಲಿಲ್ಲ.

ಆಗ ನೆನಪಾದದ್ದು ಫೋನಿನಲ್ಲಿದ್ದ ಚಿತ್ರ. ಅದನ್ನು ತೆರೆದು ಆ ಯುವಕನ ಮುಖಕ್ಕೆ ಹಿಡಿದೆ. "ನೋಡಪ್ಪ, ಇದು ಇವ್ರೇ ಬರ್ದಿದ್ದು. ಆ ಡಬ್ಬಿ ಬಣ್ಣದಲ್ಲಿ ಬರೆಯೋದು ಹಿಂಗೆ."

ಅವನು ಫೋನು ಕಿತ್ತುಕೊಂಡ. ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ. ಅವನ ಭುಜದ ಮೇಲಿಂದ ಇನ್ನೂ ಹಲವರು ಬಗ್ಗಿದರು.

"ಯಾರಿವ್ರೆಲ್ಲ? ಇವ್ಳ ಗ್ಯಾಂಗಾ?"

"ಅಲ್ಲಪ್ಪ, ಅವ್ರೂರಿನ ಜನ. ಬಸ್ ಸ್ಟ್ಯಾಂಡು. ಬಾಗ್ಲಲ್ಲಿ ನಿಂತಿರೋನು ಕಂಡಕ್ಟರು."

"ಕಣ್ಣೇನು ಹಿಂಗವೆ? ದೆವ್ವ ಇದ್ದಂಗವ್ರೆ." ಅವನು ಪರದೆಯ ಕೆಳಗಿನ ಅಂಚಿಗೆ ಬೆರಳಿಟ್ಟ. "ಇದ್ಯಾರ್ ಕಾಲು? ಯಾರ್ನೋ ಕೆಡವ್ಯವ್ರೆ!"

ನಾನು ನೋಡಿದೆ. ಚಿತ್ರದ ಕೆಳ ಅಂಚಿನಲ್ಲಿ, ಡಾಂಬರಿನ ಕಪ್ಪಿನಲ್ಲಿ ಬಹುಪಾಲು ಕರಗಿದಂತೆ, ಮೇಲ್ಮುಖವಾಗಿ ನಿಂತ ಎರಡು ಪಾದ. ಒಂದಕ್ಕೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅಷ್ಟು ಸಲ ನೋಡಿಯೂ, ಅದರ ಬಗ್ಗೆ ನಾಲ್ಕು ಸಾಲು ಬರೆದೂ, ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ. ಕಲಾವಿದೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದೆ, ಈ ಪಾದ ಯಾರದು ಎಂದು. ಅವರು ನನ್ನನ್ನು ನೋಡಿದರು. ಬೇಡ ಎನ್ನುವಂತೆ ಬಹಳ ಸಣ್ಣಗೆ ತಲೆಯಾಡಿಸಿದರು.

"ಬಸ್ಸಿಗೆ ಕಾಯ್ತಾ ಮಲ್ಗಿರೋರು" ಎಂದುಬಿಟ್ಟೆ.

ಯಾರೂ ನಂಬಲಿಲ್ಲ. "ಸುಳ್ಳು ಹೇಳ್ತಾವ್ಳೆ" ಎಂದಿತು ಒಂದು ಹೆಣ್ಣುದನಿ. ಸುತ್ತಿನ ವೃತ್ತ ಇನ್ನಷ್ಟು ಕಿರಿದಾಯಿತು. ಕಲಾವಿದೆಯ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು.

ಆಗ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಅಂಗನವಾಡಿ ಟೀಚರ ಸೀರೆ, ಕೈಯಲ್ಲಿ ಬೀಗ.

"ಸರೀರಿ ಎಲ್ಲಾ! ಪೊಲೀಸ್ಗೆ ಫೋನ್ ಮಾಡಿದೀನಿ. ಅವ್ರು ಬರೋಗಂಟ ಇವ್ರಿಬ್ರು ಅಂಗನವಾಡೀಲಿರ್ತಾರೆ. ಬೀಗ ನಾನೇ ಜಡೀತೀನಿ, ಎಲ್ಲಿಗೂ ಓಡೋಗಕಾಗಲ್ಲ. ಆಯ್ತಾ?"

ನನ್ನ ಮುಖವನ್ನು ನೋಡದೆ, "ನಡೀರಿ ಒಳಕ್ಕೆ" ಎಂದು ಗದರಿದಳು. ನನ್ನ ಫೋನನ್ನು ಯುವಕನ ಕೈಯಿಂದ ಕಿತ್ತು ತನ್ನಲ್ಲೇ ಇಟ್ಟುಕೊಂಡಳು. ನಮ್ಮಿಬ್ಬರ ರಟ್ಟೆ ಹಿಡಿದು ಹತ್ತಿರದಲ್ಲೇ ಇದ್ದ ಕಟ್ಟಡದೊಳಗೆ ದಬ್ಬಿ ಹೊರಗಿನಿಂದ ಬೀಗ ಹಾಕಿದಳು. ಆಟೋ ಸಾಹೇಬರು ಹೊರಗೇ ಉಳಿದರು.

ಅವಳು ನಮ್ಮನ್ನು ಕಾಪಾಡುತ್ತಿದ್ದಾಳೋ, ಹಿಡಿದಿಡುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಪೊಲೀಸರಿಗೆ ನಿಜಕ್ಕೂ ಹೇಳಿದ್ದಾಳೆಯೇ? ಬೀಗದ ಕೀಲಿಯನ್ನು ಅವಳಿಂದ ಕಸಿದುಕೊಂಡರೆ? ಒಳಗೆ ಬೆಂದ ಕಾಳಿನ ವಾಸನೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಮಕ್ಕಳನ್ನು ತೂಗುವ ತಕ್ಕಡಿ. ಒಂದೇ ಕಿಟಕಿ, ಅದರ ಒಂದು ರೆಕ್ಕೆ ಮುರಿದಿತ್ತು. ಸರಳಿನಾಚೆ ಮುಖಗಳು ಬಂದು ನಿಂತವು. ಒಂದರ ಮೇಲೊಂದು, ಕೆನ್ನೆಗೆ ಕೆನ್ನೆ ಒತ್ತಿಕೊಂಡು. ಕೆಲವರು ಬೈಯುತ್ತಿದ್ದರು, ಕೆಲವರು ಫೋನು ಹಿಡಿದಿದ್ದರು, ಒಂದಿಬ್ಬರು ನಗುತ್ತಿದ್ದರು. ನಗುವವರನ್ನು ಕಂಡಾಗಲೇ ನನಗೆ ಹೆಚ್ಚು ಭಯವಾದದ್ದು.

ಕಿಟಕಿಯ ಕೆಳಗೆ, ಹೊರಗಿನವರಿಗೆ ಕಾಣದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ಕೂತೆವು. ಕಲಾವಿದೆ ಮೊಣಕಾಲನ್ನು ಎದೆಗೊತ್ತಿಕೊಂಡಿದ್ದರು. ನಾನು ಕ್ಷಮೆ ಕೇಳಿದೆ. ಅವರು, "ಆ ಪಾದ ನನ್ನ ತಮ್ಮನದು" ಎಂದರು.

ತಮ್ಮ ಅಂಥದೇ ಬಸ್ಸಿನಲ್ಲಿ ಕಂಡಕ್ಟರಾಗಿದ್ದನಂತೆ. ಒಂದು ಮಧ್ಯಾಹ್ನ ಬಸ್ ನಿಲ್ಲುವ ಜಾಗದಲ್ಲಿ ಯಾರದೋ ಫೋನು ಕಾಣೆಯಾಯಿತು. ಯಾರೋ ಕಳ್ಳ ಎಂದರು, ಯಾರೋ ಅವನ ಕಡೆ ಕೈ ತೋರಿಸಿದರು. ಗಲಾಟೆ ಕೇಳಿ ಇವರು ಓಡಿ ಬಂದಾಗ ಜನರ ಕಾಲುಗಳ ಸಂದಿಯಲ್ಲಿ ಕಂಡದ್ದು ಆ ಎರಡು ಪಾದ ಮಾತ್ರ. ಇವರು ಕೂಗಿದ್ದು ಯಾರಿಗೂ ಕೇಳಲಿಲ್ಲ, ಎಲ್ಲರೂ ಕೂಗುತ್ತಿದ್ದರು.

"ಬದುಕಿದ. ಆದರೆ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟ" ಎಂದರು. ಮತ್ತೆ ಹೇಳಿದರು: "ನಾನು ನೋಡಿದ್ದು ಹಿಂದಿನಿಂದ. ಬರೆದದ್ದು ಮಾತ್ರ ಅವನು ಬಿದ್ದಿದ್ದ ಜಾಗದಿಂದ. ಚಿತ್ರದ ಮುಂದೆ ಯಾರು ನಿಲ್ಲುತ್ತಾರೋ ಅವರದೇ ಆ ಕಾಲು."

"ಟಿಪ್ಪಣಿಯಲ್ಲಿ ಉಲ್ಲಾಸ ಅಂತ ಇತ್ತಲ್ಲ?"

"ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಅದೂ ಪೂರ್ತಿ ಸುಳ್ಳಲ್ಲ. ಆ ಜನರ ಜೊತೆ ನಾನು ಕುಣಿದಿದ್ದೇನೆ, ಅವರ ಬಸ್ಸುಗಳಿಗೆ ಬಣ್ಣ ಹೊಡೆದಿದ್ದೇನೆ. ಆ ಬೀದಿಯನ್ನು ಬಿಟ್ಟು ನನಗೆ ಬೇರೆ ಊರಿಲ್ಲ. ಆವತ್ತು ಅವರು ನಗುತ್ತಲೂ ಇದ್ದರು."

ಬಾಗಿಲಿಗೆ ಯಾರೋ ಒದ್ದರು. ಬೀಗ ಕಡಗಕ್ಕೆ ಬಡಿದು ಗಲಗಲ ಎಂದಿತು. ಕಲಾವಿದೆ ಮಾತು ನಿಲ್ಲಿಸಿ ತಮ್ಮ ಬೂಟುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡರು. ನಾನು ತಕ್ಕಡಿಯನ್ನೇ ನೋಡುತ್ತ, ಅಮ್ಮ ಈ ಹೊತ್ತಿಗೆ ಮಧ್ಯಾಹ್ನದ ಊಟ ಮಾಡಿ ಮಲಗಿರುತ್ತಾರೆ, ಇವರು ತೆಗೆದ ವಿಡಿಯೋ ಅವರಿಗೆ ಮೊದಲು ತಲುಪದಿರಲಿ ಎಂದು ಯೋಚಿಸುತ್ತಿದ್ದೆ. ಬೇರೆ ಯಾವ ಯೋಚನೆಯೂ ಬರಲಿಲ್ಲ.

ಜೀಪಿನ ಸದ್ದು ಕೇಳಿದ್ದು ಯಾವಾಗಲೋ. ಮುಖಗಳು ಕಿಟಕಿಯಿಂದ ಒಂದೊಂದಾಗಿ ಕಳಚಿಕೊಂಡವು. ಬೀಗ ತೆರೆದ ಅಂಗನವಾಡಿ ಟೀಚರ್ ನನ್ನ ಫೋನನ್ನು ಕೈಗಿಟ್ಟು ಪಕ್ಕಕ್ಕೆ ಸರಿದು ನಿಂತಳು. ಪೊಲೀಸರು ಜನರನ್ನೂ ಗದರಿದರು, ಈ ಕಾಲದಲ್ಲಿ ಯಾಕೆ ಬಂದಿರಿ ಎಂದು ನಮ್ಮನ್ನೂ ಗದರಿದರು. ಆಟೋ ಸಾಹೇಬರ ತುಟಿ ಒಡೆದಿತ್ತು. ದೂರು ಕೊಡಿ ಎಂದರೆ ಅವರು ತಲೆಯಾಡಿಸಿದರು. "ಬ್ಯಾಡ ಮೇಡಮ್. ನಾಳೆ ನಾನು ಇದೇ ರೋಡಾಗ್ ಆಟೋ ಓಡಿಸ್ಬೇಕು." ಕಲಾವಿದೆಯೂ ಬೇಡವೆಂದರು. ಕಟ್ಟೆಯ ಮೇಲೆ ಆ ಪುಟ್ಟ ಹುಡುಗಿಯ ಅರ್ಧ ಬರೆದ ಮುಖ ಹರಿದು ಬಿದ್ದಿತ್ತು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದರು. ಆಮೇಲೆ ಕೂತು ಟಿಪ್ಪಣಿಯನ್ನು ಹೊಸದಾಗಿ ಬರೆದೆ. ಉಲ್ಲಾಸ ಎಂಬ ಮಾತನ್ನು ತೆಗೆಯಲಿಲ್ಲ. ಈ ಬೀದಿಯಲ್ಲಿ ಕುಣಿಯುವವರೂ ಹೊಡೆಯುವವರೂ ಒಬ್ಬರೇ, ಅವರೆಲ್ಲ ಈಗ ನಿಮ್ಮನ್ನು ನೋಡುತ್ತಿದ್ದಾರೆ, ಕೆಳಗೆ ಕಾಣುವ ಪಾದಗಳು ನಿಮ್ಮವು ಎಂದು ಬರೆದೆ. ಗ್ಯಾಲರಿಯಿಂದ ಫೋನು ಬಂತು: "ಮೇಡಂ, ಸ್ವಲ್ಪ ಜಾಸ್ತಿ ಹೆದರಿಸೋ ಹಾಗಿದೆ ಅಲ್ವಾ? ಮಕ್ಕಳೆಲ್ಲ ಬರ್ತಾರೆ." ಹಾಗೇ ಇರಲಿ ಎಂದು ಕಲಾವಿದೆ ಪಟ್ಟು ಹಿಡಿದದ್ದರಿಂದ ಉಳಿಯಿತು.

ಪ್ರದರ್ಶನದ ಮೊದಲ ದಿನ ಹೋದೆ. ಮೂಲ ಚಿತ್ರ ಗೋಡೆಯಷ್ಟು ದೊಡ್ಡದಿತ್ತು. ಜನ ತುಂಬಿದ್ದರು, ಒಳ್ಳೆಯ ಬಟ್ಟೆ ತೊಟ್ಟು ಮೆಲುದನಿಯಲ್ಲಿ ಮಾತಾಡುವ ಜನ. ಅವರು ಚಿತ್ರದ ಕಡೆ ಒತ್ತಿಕೊಂಡು ಬಂದಾಗ ನನ್ನ ಕತ್ತಿನಲ್ಲಿ ಬೆವರಿಳಿಯಿತು. ಸರಿಯಾಗಿ ನೋಡಲಾಗದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆಮೇಲೆ ಕಲಾವಿದೆಯೂ ಬಂದು ಪಕ್ಕದಲ್ಲಿ ಕೂತರು. "ನಾನೂ ಒಳಗೆ ನಿಲ್ಲುವುದಿಲ್ಲ" ಎಂದರು. ವಾರದ ಕೊನೆಗೆ ಊರಿಗೆ ಹಿಂತಿರುಗಿದರು. ಈಗಲೂ ಆಗಾಗ ಹೊಸ ಬಸ್ಸುಗಳ ಫೋಟೋ ಕಳಿಸುತ್ತಾರೆ.

ಅಂಗನವಾಡಿ ಟೀಚರಿಗೆ ನಾನು ಒಂದು ಮಾತೂ ಹೇಳದೆ ಬಂದಿದ್ದೆ. ಅದು ಕೊರೆಯುತ್ತಿತ್ತು. ಹೋಗಬೇಕೆಂದು ಎರಡು ಮೂರು ಸಲ ಹೊರಟು ಶಿಡ್ಲಘಟ್ಟದ ಬಸ್ ನಿಲ್ದಾಣದಿಂದಲೇ ಹಿಂದಕ್ಕೆ ಬಂದೆ. ಕೊನೆಗೆ ಅದೇ ಆಟೋ ಸಾಹೇಬರನ್ನು ಕೇಳಿದೆ. ಅವರು ಹೂಂ ಎಂದರು. ಹೊಸ ಗಾಜು ಹಾಕಿಸಿದ್ದರು.

ಅವಳ ಮನೆ ಅಂಗನವಾಡಿಯ ಹಿಂದೆಯೇ. ನನ್ನನ್ನು ಕಂಡು ಗಾಬರಿಯಾದಳು, ಆಮೇಲೆ ಚಾಪೆ ಹಾಸಿದಳು. ನಾನು ತಂದಿದ್ದ ಹಣ್ಣು ಕೊಟ್ಟು, ಆವತ್ತು ನೀವಿಲ್ಲದಿದ್ದರೆ ಎಂದು ಶುರುಮಾಡಿದೆ.

"ನಿಮ್ಗೆ ಜೋರ್ ಮಾಡ್ಬಿಟ್ಟೆ ಮೇಡಮ್, ತಪ್ ತಿಳ್ಕಬ್ಯಾಡ್ರಿ" ಎಂದಳು. "ನಾ ನಿಮ್ ಕಡೆ ಅಂತ ಗೊತ್ತಾಗಿದ್ರೆ ನನ್ನೂ ಬಿಡ್ತಿರ್ಲಿಲ್ಲ. ಬೀಗದ ಕೀನ ರವಿಕೆಯೊಳ್ಗೆ ಇಟ್ಕಂಡಿದ್ದೆ. ಕೊಡು ಕೊಡು ಅಂತ ಮೇಲ್ಬಿದ್ರು."

"ಯಾರು ಕೇಳಿದ್ರು?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಎಲ್ಲಾರೂನೂ. ನಮ್ಮನೆಯವ್ರೂ ಇದ್ರು ಅದ್ರಾಗೆ. ಆ ಬಾಗ್ಲಿಗ್ ಒದ್ದಿದ್ದು ಅವ್ರೇ ಮೇಡಮ್."

ಅಷ್ಟರಲ್ಲಿ ತೋಟದಿಂದ ಅವಳ ಗಂಡ ಬಂದ. ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ನನಗೆ ಕೈ ಮುಗಿದ. ನನ್ನ ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಮೃದು ದನಿಯ ಮನುಷ್ಯ. ಮಗಳೊಬ್ಬಳು ಬಂದು ಅವನ ಕಾಲಿಗೆ ತೆಕ್ಕೆ ಹಾಯ್ದಳು. ಅವನು ಅವಳ ಕೂದಲಿನಿಂದ ಒಂದು ಎಲೆ ತೆಗೆದ.

"ಬಿಸ್ಲಾಗ್ ಬಂದಿದೀರ, ಮಜ್ಗೆ ಕುಡೀರಮ್ಮ" ಎಂದು ಒಳಗೆ ಹೋಗಿ ತಾನೇ ಲೋಟ ತಂದ.

ಇಸಿದುಕೊಂಡೆ. ಉಪ್ಪು, ಕೊತ್ತಂಬರಿ ಹಾಕಿದ ಮಜ್ಜಿಗೆ. ಅವನು ಎದುರಿಗೆ ನಿಂತು, ನಾನು ಕುಡಿದು ಮುಗಿಸುವವರೆಗೆ ನೋಡುತ್ತಿದ್ದ.